ತಾರಸಿಗೊಂದು ಹಾಟ್ ಟಬ್

ಮೂರನೇ ಅಂಗಡಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಗಟ್ಟಿ ಮೇಸ್ತ್ರಿಯ ಬಳಿ ತಕರಾರುಗಳ ದಾಸ್ತಾನು ಮುಗಿಯುತ್ತ ಬಂದಿತ್ತು. ಮೊದಲ ಅಂಗಡಿಯ ನೀಲಿ ಟಬ್ಬಿನ ಮೋಟಾರು ಗೊರಕೆ ಹೊಡೆಯುತ್ತದೆ ಎಂದಾಗಿತ್ತು. ಎರಡನೆಯದರಲ್ಲಿ ಮರದ ಟಬ್ಬನ್ನು ಬೆರಳ ಗೆಣ್ಣಿನಿಂದ ಟಕಟಕ ತಟ್ಟಿ, "ಇದರ ಸಂದಿ ಬಿಡುತ್ತೆ, ಬರ್ಕೊಳ್ಳಿ" ಎಂದಾಗಿತ್ತು. ಅಳಿಯ ಬರೆದುಕೊಂಡೂ ಇದ್ದ. ಲೆಕ್ಕದ ಮೇಷ್ಟ್ರು ಅವನು, ಚಪ್ಪಲಿ ಕೊಳ್ಳುವುದಕ್ಕೂ ಗೆರೆ ಎಳೆದು ಪಟ್ಟಿ ಮಾಡುವ ಜಾತಿ. ನೀರು ಚಿಮ್ಮುವ ತೂತು ಎಷ್ಟು, ಬಿಸಿ ಎಷ್ಟು ಹೊತ್ತು ನಿಲ್ಲುತ್ತದೆ, ಮುಚ್ಚಳ ಎಷ್ಟು ದಪ್ಪ, ಗ್ಯಾರಂಟಿ ಎಷ್ಟು ವರ್ಷ ಎಂದೆಲ್ಲ ಬರೆದು, ಕೊನೆಗೆ 'ಮಾವನ ಅಭಿಪ್ರಾಯ' ಎಂದೊಂದು ಸಾಲು ಬಿಟ್ಟಿದ್ದ. ಆ ಸಾಲಿನಲ್ಲಿ ಬರೀ ಹುಳುಕೇ ತುಂಬಿತ್ತು.

ಟಬ್ಬು ಬೇಕಾಗಿದ್ದು ಮಗಳಿಗೆ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ದಿನಕ್ಕೆ ಹತ್ತು ತಾಸು ನಿಂತು ನಿಂತು ಸೊಂಟ ಹೋಗಿತ್ತು. ಬಿಸಿನೀರಿನಲ್ಲಿ ದಿನಾ ಅರ್ಧ ಗಂಟೆ ಕೂತರೆ ಆರಾಮ ಎಂದು ಡಾಕ್ಟರೇ ಹೇಳಿದ್ದರು. ಕೆಲಸ ಮುಗಿಸಿ ಬಂದವಳು ಗೋಡೆ ಹಿಡಿದುಕೊಂಡು ಚಪ್ಪಲಿ ಬಿಡುವುದನ್ನು ಮೇಸ್ತ್ರಿ ದಿನಾ ನೋಡುತ್ತಿದ್ದ. ಅವಳಿಗೊಂದು ಟಬ್ಬು ಬರಲಿ ಎಂಬ ಆಸೆ ಎಲ್ಲರಿಗಿಂತ ಅವನಿಗೇ ಹೆಚ್ಚು. ಆದರೆ ಮನೆಯ ಮುಂದೆ ಒಂದು ಸ್ಕೂಟರು ನಿಲ್ಲಿಸುವಷ್ಟು ಜಾಗ. ಟಬ್ಬು ಇಡಬೇಕೆಂದರೆ ತಾರಸಿಯ ಮೇಲೇ ಇಡಬೇಕು.

ಎಡವಟ್ಟು ಇದ್ದದ್ದೇ ಅಲ್ಲಿ. ಊರಿನಲ್ಲಿ ಅವನು ಹಾಕಿದ ತಾರಸಿ ಒಂದೂ ಬಿರುಕು ಬಿಟ್ಟಿರಲಿಲ್ಲ. 'ಗಟ್ಟಿ' ಎಂಬ ಹೆಸರು ಬಂದದ್ದೇ ಅದರಿಂದ. ತನ್ನ ಸ್ವಂತ ಮನೆಗೆ ತಾರಸಿ ಹಾಕುವ ದಿನ ಮಾತ್ರ ಅರ್ಧ ಕೋಣೆಗಾಗುವಷ್ಟು ಕಂಬಿ ಕಮ್ಮಿ ಬಿತ್ತು. ಕಾಂಕ್ರೀಟು ಕಲೆಸುವ ಯಂತ್ರ ತಿರುಗುತ್ತಿತ್ತು, ಹನ್ನೆರಡು ಆಳುಗಳು ಬಾಂಡಲಿ ಹಿಡಿದು ಸಾಲುಗಟ್ಟಿದ್ದರು. ಬೇರೆಯವರ ಮನೆಯಾಗಿದ್ದರೆ ರಂಪ ಮಾಡಿಯಾದರೂ ಕೆಲಸ ನಿಲ್ಲಿಸಿಬಿಡುತ್ತಿದ್ದ. ತನ್ನದೇ ಮನೆ ತಾನೆ, ಯಾರು ಕೇಳುವವರು ಎಂದು ತಾರಸಿಯ ಮುಂದಿನ ಅರ್ಧಕ್ಕೆ ಐದು ಅಂಗುಲಕ್ಕೊಂದು ಇರಬೇಕಾದ ಕಂಬಿಯನ್ನು ಹತ್ತು ಅಂಗುಲಕ್ಕೊಂದರಂತೆ ಹರವಿ ಸುರಿಸಿಯೇಬಿಟ್ಟ. ಉಳಿದರ್ಧ ತಾರಸಿಯಲ್ಲಿ ನೀರಿನ ಟ್ಯಾಂಕು, ಮೆಟ್ಟಿಲ ಗೂಡು. ಖಾಲಿ ಇರುವುದು ಆ ಪಾಪದ ಅರ್ಧವೇ. ಈ ಸಂಗತಿ ಇವತ್ತಿಗೂ ಅವನೊಬ್ಬನಿಗೇ ಗೊತ್ತು.

ಮೂರನೇ ಅಂಗಡಿಯಲ್ಲಿ ಮಗಳು ಚಪ್ಪಲಿ ಬಿಟ್ಟು, ನೀರಿಲ್ಲದ ಕಪ್ಪು ಟಬ್ಬಿನೊಳಗೆ ಮೆಲ್ಲಗೆ ಇಳಿದು ಕೂತಳು. ಒಳಗಿನ ಬಾಗು ಅವಳ ಸೊಂಟಕ್ಕೆ ಸರಿಯಾಗಿ ಕೂಡಿತು. ಕಣ್ಣು ಮುಚ್ಚಿದಳು. ವರ್ಷದಿಂದ ಹುಬ್ಬಿನ ನಡುವೆ ಕೂತಿದ್ದ ಗಂಟು ಸಡಿಲವಾದದ್ದು ಅಪ್ಪನಿಗೆ ಕಂಡಿತು.

"ಇದೇ ಅಪ್ಪ. ಇನ್ಯಾವುದೂ ನೋಡೋದು ಬೇಡ."

ಮೇಸ್ತ್ರಿ ಟಬ್ಬಿನ ಸುತ್ತ ಎರಡು ಸುತ್ತು ಬಂದ. ತಟ್ಟಿದ, ಬಗ್ಗಿ ನೋಡಿದ. ಹಾಳಾದ ಟಬ್ಬು, ಒಂದು ಕೊರತೆಯಾದರೂ ಇರಬಾರದೆ!

"ಬಣ್ಣ ಕಪ್ಪು," ಎಂದ. "ಬಿಸಿಲಿಗೆ ಕಾಯುತ್ತೆ."

"ಬಿಸಿನೀರಿನ ಟಬ್ಬು ಕಾದ್ರೆ ತಪ್ಪೇನಪ್ಪ?"

ಅಳಿಯ ಕಿಸಕ್ಕನೆ ನಕ್ಕ. ಅಂಗಡಿಯವನೂ ನಕ್ಕು, ಎಲ್ಲಿ ಇಡ್ತೀರಿ ಎಂದು ಕೇಳಿದ. ತಾರಸಿ ಎಂದದ್ದೇ ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದ.

"ನೀರು, ಟಬ್ಬು, ನಾಲ್ಕು ಜನ ಎಲ್ಲಾ ಸೇರಿ ಹತ್ತಿರ ಹತ್ತಿರ ಎರಡು ಟನ್ ಆಗುತ್ತೆ ಸರ್. ತಾರಸಿ ತಡೆಯುತ್ತೆ ಅಂತ ಕಟ್ಟಿದವರು ಸಹಿ ಹಾಕ್ಬೇಕು. ಇಲ್ಲಾಂದ್ರೆ ನಮ್ಮ ಇಂಜಿನಿಯರ್ ಬಂದು ನೋಡ್ತಾರೆ."

"ಇಂಜಿನಿಯರ್ ಯಾಕ್ರೀ?" ಅಳಿಯನ ಎದೆ ಉಬ್ಬಿತು. "ಕಟ್ಟಿದವರೇ ನಿಮ್ಮೆದುರಿಗಿದಾರಲ್ಲ. ಗಟ್ಟಿ ಮೇಸ್ತ್ರಿ ಅಂದ್ರೆ ಇವರೇ."

ಅಂಗಡಿಯವನು ಕುರ್ಚಿಯಿಂದ ಎದ್ದೇ ನಿಂತ. "ನೀವೇನಾ ಯಜಮಾನ್ರೇ? ನಮ್ಮ ಚಿಕ್ಕಪ್ಪನ ಮನೆ ನಿಮ್ಮ ಕೈದೇ. ನಿಮ್ಮ ಸಹಿಗಿಂತ ದೊಡ್ಡ ಸಹಿ ಯಾವುದಿದೆ?" ಎಂದು ಪೆನ್ನಿನ ಮುಚ್ಚಳ ತೆಗೆದುಕೊಟ್ಟ.

ಮೇಸ್ತ್ರಿ ಪೆನ್ನು ಹಿಡಿದ. ಇಂಜಿನಿಯರು ಬಂದರೆ ನಾಳೆ ಊರೆಲ್ಲ ಢಾಣಾಡಂಗುರ. ಸಹಿ ಹಾಕಿದರೆ ಹೆಸರು ಉಳಿಯುತ್ತದೆ, ತಾರಸಿಯೂ ಹೇಗೋ ತಡೆದುಕೊಂಡರೂ ತಡೆದುಕೊಂಡೀತು. ಹೀಗೆ ಯೋಚಿಸುತ್ತ ತಲೆಯೆತ್ತಿದ. ಮಗಳು ಇನ್ನೂ ಟಬ್ಬಿನಲ್ಲೇ ಒರಗಿದ್ದಳು. ಅವನ ಕೈ ಮುಂದಕ್ಕೆ ಹೋಗಲಿಲ್ಲ.

"ತಡೆಯಲ್ಲ," ಎಂದ.

"ಏನು ಮಾವ?"

"ತಾರಸಿ ತಡೆಯಲ್ಲ. ಮುಂದಿನ ಅರ್ಧಕ್ಕೆ ಕಂಬಿ ಕಮ್ಮಿ ಹಾಕಿದೀನಿ. ಅರ್ಧಕ್ಕರ್ಧ ಕಮ್ಮಿ. ಟಬ್ಬಿನಲ್ಲೆಲ್ಲೂ ಹುಳುಕಿರಲಿಲ್ಲ. ಇದ್ದದ್ದು ನನ್ನ ಕೆಲಸದಲ್ಲಿ."

ಅಂಗಡಿಯವನಿಗೆ ಇದ್ದಕ್ಕಿದ್ದಂತೆ ಪಕ್ಕದ ಟಬ್ಬಿನ ಧೂಳು ಒರೆಸುವ ಕೆಲಸ ನೆನಪಾಯಿತು. ಅಳಿಯ ಪಟ್ಟಿಯನ್ನೇ ನೋಡುತ್ತ ನಿಂತ. ನಾಚಿಕೆಯಿಂದ ಮೇಸ್ತ್ರಿಗೆ ನಿಂತ ನೆಲ ಬಾಯಿಬಿಡಬಾರದೆ ಅನ್ನಿಸಿತು. ಮಗಳು ಎದ್ದು ಕೂತಳು.

"ಮುಂದಿನ ಅರ್ಧ ಅಂದ್ರೆ ನೀನು ಮಲಗೋ ಕೋಣೆ."

"ಹೂಂ."

ಆ ದೊಡ್ಡ ಕೋಣೆಗಾಗಿ ಅಪ್ಪ ಮಗಳ ನಡುವೆ ಆಗದ ಜಗಳವಿರಲಿಲ್ಲ. ಮದುವೆಯಾದಾಗ ಕೇಳಿದಳು, ಕೊಡಲಿಲ್ಲ. ಮಗು ಹುಟ್ಟಿದಾಗ ಅತ್ತು ಕೇಳಿದಳು. ನಾನು ಸಾಯೋತನಕ ಅದು ನನ್ನದು ಎಂದುಬಿಟ್ಟ. ಗಂಡ, ಹೆಂಡತಿ, ಮಗು ಮೂವರೂ ಹಿಂದಿನ ಗೂಡಿನಂಥ ಕೋಣೆಯಲ್ಲೇ ಒಂಬತ್ತು ವರ್ಷ ಕಳೆದಿದ್ದರು. ಅಪ್ಪನಂಥ ಸ್ವಾರ್ಥಿ ಇಲ್ಲ ಎಂದು ಅವಳು ನೆಂಟರ ಮುಂದೆಲ್ಲ ಹೇಳಿಕೊಂಡು ಬಂದಿದ್ದಳು.

"ಅದಕ್ಕೇನಾ ಕೊಡದೇ ಇದ್ದದ್ದು?"

"ಬಿರುಕೇನೂ ಇಲ್ಲಮ್ಮ. ಬೀಳಲಿಕ್ಕಿಲ್ಲ. ಆದ್ರೂ ಅದರ ಕೆಳಗೆ ಮಗೂನ ಹೇಗೆ ಮಲಗಿಸ್ಲಿ? ನಾನು ಮಾಡಿದ್ದು, ನಾನೇ ಮಲಗೋದು ನ್ಯಾಯ ಅನ್ನಿಸ್ತು."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?" ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಹೆಸರು ಕಟ್ಕೊಂಡು ಏನು ಮಾಡ್ತೀಯಪ್ಪ, ತಾರಸಿ ತಲೆ ಮೇಲೆ ಬಿದ್ದಿದ್ರೆ?"

ಏಳಲು ಅವಳು ಕೈ ಚಾಚಿದಳು. ಅವನು ಹಿಡಿದು ಎಬ್ಬಿಸಿದ. ಟಬ್ಬಿನಿಂದ ಇಳಿದ ಮೇಲೂ ಅವಳು ಆ ಕೈ ಬಿಡಲಿಲ್ಲ. ಅಂಗಡಿಯವನಿಗೆ, "ನಿಮ್ಮ ಇಂಜಿನಿಯರ್‌ನ ನಾಳೆ ಬೆಳಗ್ಗೆನೇ ಕಳಿಸಿ. ಟಬ್ಬಿನ ಮಾತು ಆಮೇಲೆ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಅಪ್ಪನ ಮಂಚ ಇವತ್ತೇ ನಮ್ಮ ಕೋಣೆಗೆ ಬರ್ಬೇಕು."

"ಅಲ್ಲಿ ಜಾಗ ಎಲ್ಲಿದೆ?" ಅಳಿಯ ಆಗಲೇ ಪಟ್ಟಿ ಮಗುಚಿ ಹಿಂಬದಿಯಲ್ಲಿ ಗೆರೆ ಎಳೆಯತೊಡಗಿದ್ದ.

"ಒತ್ತರಿಸ್ಕೊಂಡು ಮಲಗೋದು. ನಮಗೇನು ಹೊಸದಾ?"