ಹಾತಾಖಾಲಿ

2012ರಲ್ಲಿ, ಮರಾಠಿ ಸೀಮೆಯ ಸಾನಪಾಡಾದ ನಮ್ಮ ಹೌಸಿಂಗ್ ಸೊಸೈಟಿಯ ಬೋರ್ಡಿಗೆ ಆ ನೋಟೀಸು ಅಂಟಿಸಿದವನು ನಾನೇ, ಸೆಕ್ರೆಟರಿ ರಘುಪತಿ. ವೈರ್‌ಮನ್ ಪರ್ಮಿಟ್ ಇಲ್ಲದವರು ಕಟ್ಟಡದ ವೈರಿಂಗ್ ಮುಟ್ಟಬಾರದು. ಸರ್ಕಾರದ ಕಾನೂನೂ ಅದೇ. ಮೀಟರ್ ರೂಮಿನಲ್ಲಿ ಕಿಡಿ ಹಾರುವವರೆಗೆ ಯಾರಿಗೂ ಅದು ನೆನಪಿರಲಿಲ್ಲ, ಅಷ್ಟೆ.

ನೋಟೀಸಿನ ಪೆಟ್ಟು ಬಿದ್ದದ್ದು ರಾಯಪ್ಪನಿಗೆ. ವಿಜಾಪುರದ ಕಡೆಯವನು. ಹದಿನಾಲ್ಕು ವರ್ಷಗಳಿಂದ ನಮ್ಮ ನಲ್ಲಿ, ಫ್ಯಾನು, ಬಾಗಿಲ ಚಿಲಕ ಎಲ್ಲಕ್ಕೂ ಅವನೇ. ಡಿಸೆಂಬರ್ ಕೊನೆಯೊಳಗೆ ಪರ್ಮಿಟ್ ತರಬೇಕು, ಇಲ್ಲವಾದರೆ ಗೇಟ್ ಪಾಸ್ ವಾಪಸ್ ಎಂದು ಕಮಿಟಿ ಹೇಳಿತು. ನಲ್ಲಿಗೆ ಪರ್ಮಿಟ್ ಬೇಡವಲ್ಲ ಎಂದು ಯಾರೋ ಕೇಳಿದರು. ಅರ್ಧ ಪಾಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದೆ.

“ಮುಟ್ಟಬಾರದು ಅಂದ್ರ ನೋಡಬಹುದಲ್ರೀ ಸರ?” ಎಂದ ರಾಯಪ್ಪ.

ಕಮಿಟಿಯಲ್ಲಿ ಚರ್ಚೆಯಾಯಿತು. ನೋಡಲು ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು. ಅಂದಿನಿಂದ ಅವನು ಕೈ ಹಿಂದೆ ಕಟ್ಟಿ ನಿಂತು ಹೇಳುತ್ತಿದ್ದ, ಮನೆಯವರು ಮಾಡಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಜಯಲತಾ ಹೀಗೆಯೇ ಗೀಸರಿನ ಸ್ವಿಚ್ ಬದಲಿಸಿದಳು. ನಾನು ಟಾರ್ಚ್ ಹಿಡಿದಿದ್ದೆ.

ಪರ್ಮಿಟ್ಟಿಗೆ ಪರೀಕ್ಷೆಯಿತ್ತು. ಪರೀಕ್ಷೆಗೆ ಕೂರಲು, ಲೈಸೆನ್ಸ್ ಇರುವ ಕಂತ್ರಾಟುದಾರನ ಬಳಿ ಕೆಲಸ ಮಾಡಿದ ಪತ್ರ ಬೇಕಿತ್ತು. ರಾಯಪ್ಪ ನಮ್ಮಲ್ಲಿಗೆ ಬರುವ ಮುಂಚೆ ಕಲ್ಯಾಣದ ಸಿದ್ಧೇಶ್ವರ ಎಂಬ ಕಂತ್ರಾಟುದಾರರ ಬಳಿ ಮೂರು ವರ್ಷ ದುಡಿದಿದ್ದ. ಅವರೀಗ ಹಾಸಿಗೆ ಹಿಡಿದಿದ್ದರು. ಆದರೂ ಎದ್ದು ಕೂತು, ಮರಾಠಿಯಲ್ಲಿ ಸ್ವತಃ ಪತ್ರ ಬರೆದು ಸೀಲು ಒತ್ತಿಕೊಟ್ಟರು. ರಾಯಪ್ಪ ಅದನ್ನು ನನ್ನ ಮನೆಗೆ ತಂದ.

“ಮರಾಠಿ ಮಾತಾಡಾಕ ಬರತೈತ್ರಿ, ಓದಾಕ ಬರೂದಿಲ್ಲ. ನೀವು ಓದಿದವ್ರು. ಒಮ್ಮೆ ನೋಡಿ ಪೋಸ್ಟಿಗೆ ಹಾಕ್ರಿ.”

ಅವನು ಹೋದ ಮೇಲೆ ಓದಿದೆ. ಶಾಲೆಯಲ್ಲಿ ಹಿಂದಿ ಕಲಿತವನು ನಾನು, ಅಕ್ಷರ ಬರುತ್ತದೆ. ‘ರಾಯಪ್ಪಾ ಯಾಂನೀ ಮಾಝ್ಯಾ ಹಾತಾಖಾಲೀ ತೀನ್ ವರ್ಷೇ ಕಾಮ್ ಕೇಲೇ’ ಎಂದಿತ್ತು. ಹಾತ್ ಎಂದರೆ ಕೈ. ಖಾಲಿ ಎಂದರೆ ಖಾಲಿ. ಮೂರು ವರ್ಷ ಖಾಲಿ ಕೈಯಲ್ಲಿ ಕೆಲಸ ಮಾಡಿದ್ದಾನೆ!

ನನಗೆ ಮೈ ಉರಿಯಿತು. ಖಾಲಿ ಕೈಯವನನ್ನು ಯಾವ ಸರ್ಕಾರ ಪರೀಕ್ಷೆಗೆ ಕೂರಿಸುತ್ತದೆ? ಮುದುಕರಿಗೆ ಅರಳುಮರಳು ಎಂದುಕೊಂಡೆ. ‘ಖಾಲಿ’ಯ ಮೇಲೆ ವೈಟ್ನರ್ ಹಚ್ಚಿ, ಒಣಗಿಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಡಿಸೆಂಬರಿನಲ್ಲಿ ಪತ್ರ ವಾಪಸ್ ಬಂತು. ದಾಖಲೆಯನ್ನು ತಿದ್ದಲಾಗಿದೆ, ಅರ್ಜಿ ತಿರಸ್ಕರಿಸಲಾಗಿದೆ. ಇನ್ನೊಂದು ಬರೆಸೋಣವೆಂದರೆ ಸಿದ್ಧೇಶ್ವರ ಗಣೇಶ ಚೌತಿಯ ಹೊತ್ತಿಗೇ ತೀರಿಹೋಗಿದ್ದರು.

ಜಯಲತಾ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದಳು.

“ಖಾಲಿ ಅಂದ್ರೆ ಮರಾಠಿಯಲ್ಲಿ ಕೆಳಗೆ ಮಾರಾಯ್ರೆ. ಹಾತಾಖಾಲಿ ಅಂದ್ರೆ ಕೈಕೆಳಗೆ. ಲಿಫ್ಟಲ್ಲಿ ಖಾಲಿ ಖಾಲಿ ಅಂತ ಹೇಳ್ತಾರಲ್ಲ, ನೀವು ಎಂತ ಎಣಿಸಿದ್ದು?”

ಲಿಫ್ಟ್ ಖಾಲಿ ಇದೆ ಎಂದೇ ಎಣಿಸಿದ್ದೆ. ಇಪ್ಪತ್ತು ವರ್ಷ.

ಮರುದಿನ ರಾಯಪ್ಪ ಬಂದ. ತಪ್ಪನ್ನು ಸತ್ತವರ ಮೇಲೆ ಹಾಕಿಬಿಡಬಹುದಿತ್ತು. ಅವನ ಮುಖ ನೋಡಿದಾಗ ಆ ಸುಳ್ಳು ಬೇಡವೆನಿಸಿತು. ಅಳಿಸಿದವನು ನಾನೇ ಎಂದೆ. ನಾಚಿಕೆಯಿಂದ ಕುಗ್ಗಿಹೋಗಿದ್ದೆ.

ಅವನು ಆ ಬಿಳಿ ಕಲೆಯನ್ನು ಬೆರಳಲ್ಲಿ ಸವರಿದ. ದನಿ ಏರಲಿಲ್ಲ.

“ನನಗ ವೈರ್ ಬರತೈತ್ರಿ ಸರ, ಆದ್ರೂ ಮುಟ್ಟಲಿಲ್ಲ. ನಿಮಗ ಮರಾಠಿ ಬರೂದಿಲ್ಲ, ಮುಟ್ಟಿದ್ರಿ.”

ಪಾಸನ್ನು ಮೇಜಿನ ಮೇಲಿಟ್ಟ. ಗಡುವಿಗೆ ಇನ್ನೂ ಒಂಬತ್ತು ದಿನ ಇದೆ ಎಂದೆ. ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ.