ಮೊದಲ ತುತ್ತು

ಬಾಗಲಕೋಟೆಯ ಅನಾಥಾಶ್ರಮದಿಂದ ದತ್ತು ಬಂದ ಗೌರಾದೇವಿ ಅಮೆರಿಕದ ಶೋರ್‌ಲೈನಿನ ಮನೆಗೆ ಬಂದು ಆರು ದಿನವಾಗಿತ್ತು. ಅವಳಿಗೆಂದೇ ಹೊಸ ಅಮ್ಮ ಜೆಸಿಂತಾ ತಂದಿಟ್ಟಿದ್ದ ಪುಟ್ಟ ಸ್ಟೀಲ್ ತಟ್ಟೆ ಆ ಆರು ದಿನದಲ್ಲಿ ಒಂದು ಹೊತ್ತೂ ಖಾಲಿಯಾಗಿರಲಿಲ್ಲ. ಲೋಟದಲ್ಲಿ ಹಾಲು ಕೊಟ್ಟರೆ ಮಗು ಗಟಗಟನೆ ಕುಡಿಯುತ್ತಿತ್ತು. ತಟ್ಟೆ ಮುಂದಿಟ್ಟರೆ ಮಾತ್ರ ಎರಡೂ ಕೈ ಮಡಿಲಿಗೆ ಸೇರುತ್ತಿದ್ದವು. ನಾಲ್ಕು ವರ್ಷದ ಮಗು. ಅಳುವುದಿಲ್ಲ, ರಚ್ಚೆ ಹಿಡಿಯುವುದಿಲ್ಲ. ಸುಮ್ಮನೆ ಕೂತಿರುತ್ತದೆ, ಅಷ್ಟೆ.

ಡಾಕ್ಟರು ನಿನ್ನೆ ತೂಕ ನೋಡಿ ಹುಬ್ಬು ಗಂಟಿಕ್ಕಿದ್ದರು. ಸೋಮವಾರ ಮತ್ತೆ ನೋಡುತ್ತೇವೆ, ಇನ್ನೂ ಇಳಿದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಗೆ ಹಾಕಬೇಕಾದೀತು ಎಂದಿದ್ದರು. ನಳಿಗೆಯ ಮಾತು ಕೇಳಿ ಜೆಸಿಂತಾ ರಾತ್ರಿಯಿಡೀ ಮಗುವಿನ ಪಕ್ಕ ಎಚ್ಚರವಾಗಿದ್ದಳು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅದನ್ನು ಅವಳು ಗಂಡನ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಈ ಮಗುವಿಗೆ ನಾನು ಬೇಡವೇನೋ.

ಆ ಶುಕ್ರವಾರ ಸಂಜೆ ಅವಳು ವಿಡಿಯೋ ನೋಡಿಕೊಂಡು ಜೋಳದ ರೊಟ್ಟಿ ಬಡಿದಳು. ಮಂಗಳೂರಿನ ಕಡೆಯವಳಿಗೆ ರೊಟ್ಟಿ ಬಡಿದು ಎಲ್ಲಿಯ ಅಭ್ಯಾಸ? ವಿಮಾನ ಕಾರ್ಖಾನೆಯ ಕೆಲಸ ಮುಗಿಸಿ ಬಂದ ಆಲ್ಫ್ರೆಡ್ ಕಾವಲಿಯತ್ತ ಇಣುಕಿದ.

"ಎಂತ ಮಾರಾಯ್ತಿ ಇದು, ರೊಟ್ಟಿಯಾ, ಕರ್ನಾಟಕದ ಮ್ಯಾಪಾ?"

"ಬಾಗಲಕೋಟೆ ಎಲ್ಲಿ ಬರ್ತದೆ ನೋಡಿ, ಆ ತುಂಡು ಅವಳಿಗೆ. ಉಳಿದದ್ದು ನಿಮಗೆ."

"ನನಗೆ ಈಗಲೇ ಕೊಡು. ಒಂದು ವಾರದಿಂದ ಮನೆಯಲ್ಲಿ ಮೂರು ಜನ ಉಪವಾಸ."

ಅದು ತಮಾಷೆಯೂ ಹೌದು, ನಿಜವೂ ಹೌದು. ಜೆಸಿಂತಾ ಮನಸ್ಸಿನಲ್ಲೇ ಒಂದು ಹರಕೆ ಕಟ್ಟಿಕೊಂಡಿದ್ದಳು. ಹನ್ನೊಂದು ವರ್ಷ ಕಾದು, ಮೂರು ವರ್ಷ ಕಾಗದಪತ್ರ ಹೊತ್ತು ತಿರುಗಿ, ಸಮುದ್ರ ದಾಟಿ ಹೋಗಿ ತಂದ ಮಗು. ಅದು ಉಣ್ಣದೆ ತಾನು ಅನ್ನ ಮುಟ್ಟುವುದಿಲ್ಲ. ಅವಳು ಮುಟ್ಟದಿದ್ದರೆ ಆಲ್ಫ್ರೆಡ್‌ಗೂ ಗಂಟಲಲ್ಲಿ ಇಳಿಯುವುದಿಲ್ಲ.

ಬೆಂಗಳೂರಿನ ಹೋಟೆಲಿನಲ್ಲಿ ಹೀಗಿರಲಿಲ್ಲ. ಮಗುವಿನ ಪಾಸ್‌ಪೋರ್ಟಿಗಾಗಿ ಅಲ್ಲಿ ಮೂರು ವಾರ ಇದ್ದಾಗ ಗೌರಾ ಇಡ್ಲಿ ಮುರಿದು ಮೊದಲು ಜೆಸಿಂತಾಳ ಬಾಯಿಗೆ ತುರುಕುವಳು. ಆಲ್ಫ್ರೆಡ್ ಫೋಟೋ ತೆಗೆಯುವನು. ಮೂವರೂ ನಗುವರು. ಆಮೇಲೆ ಎರಡು ಇಡ್ಲಿ ಮಾಯ. ಈ ಮನೆಗೆ ಬಂದ ಮೊದಲ ದಿನವೂ ಮಗು ಅನ್ನ ಕಲಸಿ ಕೈ ಚಾಚಿತ್ತು. ಜೆಸಿಂತಾ ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ, "ನಂಗೆ ಬೇಡ ಪುಟ್ಟಿ, ಮೊದಲು ನೀನು ತಿನ್ನು" ಎಂದಿದ್ದಳು. ತುತ್ತು ತಟ್ಟೆಗೆ ಮರಳಿತ್ತು. ಆಟ ಮುಗಿಯಿತು, ಇನ್ನು ಸರಿಯಾಗಿ ಉಣ್ಣುತ್ತಾಳೆ ಎಂದುಕೊಂಡಿದ್ದಳು ಅವಳು.

ರೊಟ್ಟಿಯ ಮುಂದೆಯೂ ಗೌರಾ ಕೈಕಟ್ಟಿ ಕೂತಳು. ಜೆಸಿಂತಾಳಿಗೆ ತಡೆಯಲಾಗಲಿಲ್ಲ. ಆಶ್ರಮದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ನಿಂಗವ್ವನಿಗೆ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಬೆಳಗಿನ ಎಂಟು ಗಂಟೆ, ಮಕ್ಕಳು ಉಪ್ಪಿಟ್ಟಿಗೆ ಸಾಲಾಗಿ ಕೂತಿದ್ದರು.

"ಯವ್ವಾ, ಉಣವಲ್ಲಳೇನ್ರೀ? ನೀವು ಉಂಡೀರೇನು?"

"ನಾನು ಹೇಗೆ ಉಣ್ಣಲಿ ನಿಂಗವ್ವ? ಅವಳು ಉಂಡ ಮೇಲೇ ನಾನು."

ನಿಂಗವ್ವ ಹಣೆಗೆ ಕೈ ಹಚ್ಚಿಕೊಂಡಳು. "ಅಯ್ಯ ಶಿವನ! ನೀವು ಅಕೀನ ಕಾಯ್ತೀರಿ, ಅಕಿ ನಿಮ್ಮನ್ನ ಕಾಯ್ತಾಳ. ಹಿಂಗಾದ್ರ ಉಣ್ಣೋರು ಯಾರ್ರೀ? ಇಲ್ನೋಡ್ರಿ."

ಅವಳು ಫೋನನ್ನು ಸಾಲಿನ ಕಡೆ ತಿರುಗಿಸಿದಳು. ಪ್ರತಿ ದೊಡ್ಡ ಮಗುವಿನ ಪಕ್ಕದಲ್ಲೂ ಒಂದು ಸಣ್ಣದು. ದೊಡ್ಡವು ಮೊದಲ ತುತ್ತನ್ನು ಪಕ್ಕದ ಸಣ್ಣ ಬಾಯಿಗೆ ಇಟ್ಟವು. ಅದು ನುಂಗಿತೋ ಎಂದು ನೋಡಿದವು. ಆಮೇಲೆ ತಮ್ಮ ತಟ್ಟೆಗೆ ಕೈ ಹಾಕಿದವು.

"ನಿಮ್ಮ ಗೌರಾನೂ ಬಾಜೂಕ ಕುಂತಾಕಿಗೆ ಉಣಿಸದೆ ಎಂದೂ ಉಂಡಾಕಿ ಅಲ್ಲ. ಬಾಯಿ ತೆಗೀರೆವ್ವಾ ನೀವು, ಸಾಕು."

ಜೆಸಿಂತಾ ಫೋನನ್ನು ಮೇಜಿನ ಮೇಲಿಟ್ಟಳು. ತಾನು ಹಿಂದಕ್ಕೆ ತಿರುಗಿಸಿದ್ದ ಆ ಕೈ ಕಣ್ಣ ಮುಂದೆ ಬಂತು. ಆರು ದಿನದಿಂದ ಈ ಮಗು ತನ್ನ ಕೆಲಸಕ್ಕಾಗಿ ಕಾದು ಕೂತಿದೆ, ತಾನು ಕೊಡುತ್ತಿಲ್ಲ.

ಅವಳು ಕುರ್ಚಿಯಿಂದ ಇಳಿದು ಗೌರಾಳ ಪಕ್ಕದಲ್ಲಿ ನೆಲಕ್ಕೆ ಮೊಣಕಾಲೂರಿದಳು. ಈಗ ಅವಳ ತಲೆ ಮಗುವಿನ ತಲೆಗಿಂತ ಕೆಳಗಿತ್ತು.

"ನಂಗೆ ಹಸಿವಾಗ್ತದೆ ಪುಟ್ಟಿ," ಎಂದಳು. ಬಾಯಿ ತೆರೆದಳು.

ಗೌರಾ ಅವಳನ್ನು ಒಂದು ಗಳಿಗೆ ನೋಡಿದಳು. ಮಡಿಲಿನಿಂದ ಕೈ ಮೇಲೆ ಬಂತು. ರೊಟ್ಟಿ ಮುರಿದಳು, ಪಲ್ಯಕ್ಕೆ ಒತ್ತಿದಳು, ಜೆಸಿಂತಾಳ ಬಾಯಿಗೆ ಇಟ್ಟಳು. ರೊಟ್ಟಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಜೆಸಿಂತಾ ಅಳುತ್ತ ಅಗಿದಳು.

"ಅಳಬ್ಯಾಡ," ಗೌರಾ ಗದರಿಸಿದಳು. "ಸುಮ್ನ ನುಂಗು."

ನುಂಗಿದ್ದನ್ನು ಖಾತ್ರಿ ಮಾಡಿಕೊಂಡು ತಾನೊಂದು ತುತ್ತು ತಿಂದಳು. ಆಮೇಲೆ ಇನ್ನೊಂದು. ಮ್ಯಾಪಿನ ತೆಂಕಣ ಭಾಗವೂ ಕರಗತೊಡಗಿತು. ಫೋನಿನೊಳಗಿಂದ ನಿಂಗವ್ವ "ನನ್ನ ಬಂಗಾರ" ಎಂದು ಕೂಗಿದ್ದಕ್ಕೆ ತುಂಬಿದ ಬಾಯಲ್ಲೇ ತಲೆಯಾಡಿಸಿದಳು.

ಇಷ್ಟು ಹೊತ್ತು ಬೆನ್ನು ತಿರುಗಿಸಿ ಸಿಂಕಿನಲ್ಲಿ ಮುಖ ತೊಳೆಯುತ್ತಿದ್ದ ಆಲ್ಫ್ರೆಡ್ ಬಂದು ಮೇಜಿನ ಆ ಕಡೆಯಿಂದ ಬಾಯಿ ತೆರೆದ. "ನಂಗೆ?"

ಗೌರಾ ಅವನನ್ನು ಮೇಲಿಂದ ಕೆಳಗೆ ಅಳೆದಳು.

"ನೀ ದೊಡ್ಡಾಂವ ಅದಿ," ಎಂದಳು. "ನಿನ್ನ ಕೈಲೇ ಉಣ್ಣು."