ಮದರಂಗಿ ಹಚ್ಚಿದ ಉಗುರು

ಕಡಲ ದಡದ ನಮ್ಮ ಬೇಪೂರಿನ ಓಣಿಯಲ್ಲಿ ಮನೆಗಳಿಗಿಂತ ಬೆಕ್ಕುಗಳೇ ಜಾಸ್ತಿ. ಬೆಕ್ಕು ಪರಚಿದರೆ ಬೈದು ಓಡಿಸುತ್ತೇವೆ. ಯಾಕೆ ಪರಚಿತು ಎಂದು ಕೇಳುವವರು ಯಾರು? ನಾನೂ ಕೇಳಲಿಲ್ಲ. ನಾನು ನಬೀಸು, ಅರವತ್ತೆಂಟು ವರ್ಷದ ಮುದುಕಿ. ನನ್ನ ತಪ್ಪನ್ನು ನಾನೇ ಹೇಳುತ್ತೇನೆ, ಕೇಳಿ.

ಚಕ್ಕಿ ನಮ್ಮ ಬಿಳಿ ಬೆಕ್ಕು. ಅದಕ್ಕೆ ಹದಿಮೂರು ವರ್ಷ. ಈ ಸಲ ಪೆರ್ನಾಳಿಗೆ, ಅಂದರೆ ಈದ್ ಹಬ್ಬಕ್ಕೆ, ಮೂರು ದಿನ ಇರುವಾಗ ಮೊಮ್ಮಗುವಿನ ಕೆನ್ನೆ ಗೀರಿತು. ಮಗು ಅಳುತ್ತಿತ್ತು, ಮಗ ಹಂಸಕೋಯ ಕೆಂಡವಾದ.

"ಉಮ್ಮಾ, ಇನ್ನೊಂದು ಸಲ ಪರಚಿದ್ರೆ ಗೋಣಿಗೆ ಹಾಕಿ ಬಂದರಿಗೆ ಬಿಟ್ಟು ಬರ್ತೀನಿ. ಆಮೇಲೆ ಅಳಬೇಡ."

ಬಂದರಿನ ಗಡವ ಬೆಕ್ಕುಗಳ ನಡುವೆ ಹಲ್ಲುದುರಿದ ಚಕ್ಕಿ ಎರಡು ದಿನ ಬದುಕುವುದಿಲ್ಲ. ನನಗೆ ಊಟ ಸೇರಲಿಲ್ಲ.

ಪಕ್ಕದ ಮನೆಯ ರಮ್ಲತ್ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. "ನಬೀಸಿತ್ತಾ, ಉಗುರಿನ ತುದಿ ಕತ್ತರಿಸಿದ್ರೆ ಸಾಕು" ಎಂದಳು.

"ಹೋಗೇ! ಬೆಕ್ಕೇನು ಮದುಮಗಳಾ, ಉಗುರು ತೀಡಿಸ್ಕೊಳ್ಳೋಕೆ? ಮರ ಕೆರೆದು ತಾನೇ ಸವೆಸ್ಕೊಳ್ಳುತ್ತೆ."

"ಮುದಿ ಬೆಕ್ಕು ಮರ ಎಲ್ಲಿ ಕೆರೆಯುತ್ತೆ? ನಿಮ್ಮ ಹಾಗೇ ಮೂಲೆ ಹಿಡಿದು ಕೂತಿದೆ. ಬಿಳಿ ಉಗುರನ್ನ ಬೆಳಕಿಗೆ ಹಿಡಿದ್ರೆ ಒಳಗೆ ಗುಲಾಬಿ ಬಣ್ಣ ಕಾಣುತ್ತೆ. ಅಲ್ಲಿ ರಕ್ತ ಇರುತ್ತೆ, ನೋವಾಗುತ್ತೆ. ಅದನ್ನ ಮುಟ್ಟದೆ ಕೊಕ್ಕೆಯಂಥ ತುದಿ ಮಾತ್ರ ಕತ್ತರಿಸಿ. ಕೈ ನಡುಗಿದ್ರೆ ನನ್ನ ಕರೀರಿ."

ಕರೆಯಲಿಲ್ಲ. ಬೆಕ್ಕಿನ ಉಗುರಿಗೂ ಜನ ಕರೆಯುವುದೇ ಎಂದು ನಾಚಿಕೆ ನನಗೆ. ಹಬ್ಬದ ಹಿಂದಿನ ದಿನ ಮನೆಯವರಿಗೆಲ್ಲ ಮದರಂಗಿ ಹಚ್ಚಿ, ಉಳಿದದ್ದನ್ನು ತಮಾಷೆಗೆ ಚಕ್ಕಿಯ ಉಗುರಿಗೂ ಹಚ್ಚಿದೆ. ಎಲ್ಲರೂ ನಕ್ಕರು. ಹಬ್ಬ ಕಳೆದ ಮೇಲೆ ಗೋಣಿಯ ಭಯಕ್ಕೆ ನಾನೇ ಮನೆಯ ಮೊಂಡು ಕತ್ತರಿ ಹಿಡಿದು ಕೂತರೆ ಉಗುರೆಲ್ಲ ಕೆಂಪು! ಗುಲಾಬಿ ಎಲ್ಲಿಯವರೆಗೆ ಇದೆ ಎಂದು ಒಂದರಲ್ಲೂ ಕಾಣಲಿಲ್ಲ. ಅಂದಾಜಿನ ಮೇಲೆ ಕತ್ತರಿಸಿದೆ.

ಚಕ್ಕಿ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ನೆಲವೆಲ್ಲ ರಕ್ತ. ನನ್ನ ಮುಂಗೈ ಸೀಳಿ ಮಂಚದ ಕೆಳಗೆ ಓಡಿತು. ಹಂಸಕೋಯ ಗೋಣಿ ತಂದ.

ಕೂಗು ಕೇಳಿ ಓಡಿಬಂದ ರಮ್ಲತ್ ಗೋಣಿ ಕಿತ್ತೆಸೆದಳು. ಚಕ್ಕಿಯನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಒಂದು ಮುಂಗಾಲು ಮಾತ್ರ ಹೊರಗಿಟ್ಟು, ರಕ್ತ ಬರುತ್ತಿದ್ದ ಉಗುರಿಗೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದಳು. ರಕ್ತ ನಿಂತಿತು. ಬೆರಳುಗಳನ್ನು ಮೆಲ್ಲಗೆ ಒತ್ತಿ ಉಗುರು ಒಂದೊಂದಾಗಿ ನೋಡುತ್ತ ಬಂದವಳು ಒಳಬದಿಗೆ ಸ್ವಲ್ಪ ಮೇಲಿರುವ ಹೆಬ್ಬೆರಳಿನ ಹತ್ತಿರ ಕೈ ನಿಲ್ಲಿಸಿದಳು.

"ಇಕ್ಕಾ, ಇಲ್ಲಿ ನೋಡಿ" ಎಂದು ಹಂಸಕೋಯನನ್ನು ಕರೆದಳು. ಉಗುರು ಸುತ್ತಿ ಬೆಳೆದು ಮಾಂಸದೊಳಗೇ ಇಳಿದಿತ್ತು. ಕೀವು ತುಂಬಿತ್ತು. "ಎಷ್ಟು ತಿಂಗಳಿಂದ ಈ ನೋವು ತಿಂತಿದೆಯೋ! ಮಗು ಈ ಕಾಲನ್ನೇ ಹಿಡಿದಿರಬೇಕು. ನೀವಾಗಿದ್ರೆ ಸುಮ್ಮನಿರ್ತಿದ್ರಾ?"

ಮದರಂಗಿ ಹಚ್ಚುವಾಗ ಆ ಕಾಲಿನಲ್ಲಿ ನಾಲ್ಕೇ ಉಗುರು ಸಿಕ್ಕಿದ್ದವು. ಐದನೆಯದು ಎಲ್ಲಿ ಎಂದು ನಾನು ಹುಡುಕಲಿಲ್ಲ.

ಹಂಸಕೋಯನೇ ಅದನ್ನು ಎತ್ತಿಕೊಂಡು ಆಟೋ ಹತ್ತಿದ. ಡಾಕ್ಟರು ಆ ಬೆರಳನ್ನೇ ತೆಗೆಯಬೇಕಾಯಿತು. ಈಗ ಸೊಸೆ ಎರಡು ಮೂರು ವಾರಕ್ಕೊಮ್ಮೆ ಉಗುರು ನೋಡಿ ತುದಿ ಕತ್ತರಿಸುತ್ತಾಳೆ. ಒಂದು ದಿನಕ್ಕೆ ಎರಡೇ ಉಗುರು, ಉಳಿದದ್ದು ಮರುದಿನಕ್ಕೆ; ಚಕ್ಕಿ ಸಿಡುಕಿದರೆ ಅಲ್ಲಿಗೆ ನಿಲ್ಲಿಸುತ್ತಾಳೆ. ಗೋಣಿಯ ಮಾತು ಯಾರೂ ಎತ್ತುವುದಿಲ್ಲ. ಆದರೆ ನಾನು ಮೀನು ಹಾಕಿದರೆ, ನಾನು ಆಚೆ ಹೋಗುವ ತನಕ ಅದು ತಿನ್ನುವುದಿಲ್ಲ. ಹದಿಮೂರು ವರ್ಷ ನನ್ನ ಮಡಿಲಲ್ಲಿ ಮಲಗಿದ ಜೀವ.

ಅಮ್ಮಂದಿರೇ, ಅಣ್ಣಂದಿರೇ, ಬೆಕ್ಕಿನ ಉಗುರಿಗೆ ಬಣ್ಣ ಬೇಡ. ಮೊಂಡು ಕತ್ತರಿ ಬೇಡ. ಒಳಗಿನ ಗುಲಾಬಿ ಕಾಣದಿದ್ದರೆ ಕತ್ತರಿಸಲೇಬೇಡಿ, ಪಶು ಆಸ್ಪತ್ರೆಗೆ ಒಯ್ಯಿರಿ. ಬೆಕ್ಕು ಪರಚಿದರೆ ಗಾಯವನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ. ಮುದಿ ಬೆಕ್ಕಾದರೆ ಹೆಬ್ಬೆರಳಿನ ಉಗುರನ್ನು ತಪ್ಪದೆ ನೋಡಿ. ನಿಮ್ಮ ಬೆಕ್ಕು ನಿಮ್ಮನ್ನು ನಂಬಿ ಇನ್ನೂ ಪಕ್ಕದಲ್ಲಿ ಬಂದು ಕೂರುತ್ತದಲ್ಲವೇ? ಇವತ್ತೇ ಅದರ ಕಾಲು ಹಿಡಿದು ನೋಡಿ. ನನ್ನದು ಈಗ ಹಿಡಿಯಲು ಬಿಡುವುದಿಲ್ಲ.